ಕೈಸರನ ನ್ಯಾಯಾಸನದ ಮುಂದೆ: ವಕೀಲರು ಬೇಕು, ಸುಳ್ಳು ಬೇಡ

ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 24:24ರಿಂದ 25:12

  ಸತ್ಯವೇದ ತೆರೆಯಿರಿ. ಮೊಬೈಲ್‌ನಲ್ಲಿ ಓದುವವರು ವಾಟ್ಸಾಪ್ ಸ್ವಲ್ಪ ಹೊತ್ತು ಮುಚ್ಚಿಡಿ.

ಇವತ್ತು ಒಂದು ಕಷ್ಟದ ವಿಷಯ ಮಾತಾಡ್ತೀನಿ. ಯೌವನಸ್ಥರ ಕೂಟ ಮುಗಿದ ಮೇಲೆ ನಮ್ಮ ಹುಡುಗರು ಮೆಲ್ಲಗೆ ಬಂದು ಕೇಳುವ ಪ್ರಶ್ನೆ ಇದು: "ಪಾಸ್ಟರ್, ಕುಡಿದು ಗಾಡಿ ಓಡಿಸಿ ಕೇಸ್ ಆದ್ರೆ ವಿಶ್ವಾಸಿ ಲಾಯರ್ ಇಟ್ಟುಕೊಳ್ಳಬಹುದಾ? ತಪ್ಪು ಮಾಡಿದ ಮೇಲೆ ವಾದ ಮಾಡೋದು ಸರೀನಾ?" ಇನ್ನೊಬ್ಬರು ಕೇಳ್ತಾರೆ: "ದೇವರು ಕ್ಷಮಿಸಿಬಿಟ್ಟ ಮೇಲೆ ಕೋರ್ಟ್ ಯಾಕೆ? ಯಾರಿಗಾದ್ರೂ ಏನಾದ್ರೂ ಕೊಟ್ಟು ಮುಗಿಸಿದ್ರೆ ಆಗಲ್ವಾ?"

ವಿಶ್ವಾಸಿಗಳ ಮಧ್ಯೆ ಇಂಥ ಪ್ರಶ್ನೆನಾ ಅಂತ ಹಿರಿಯರು ಬೇಸರ ಮಾಡಿಕೊಳ್ಳಬೇಡಿ. ಶುಕ್ರವಾರ ರಾತ್ರಿ ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಟೀಮ್ ಪಾರ್ಟಿ, ಭಾನುವಾರ ಬೆಳಿಗ್ಗೆ ಇಲ್ಲಿ ಕೈ ಎತ್ತಿ ಆರಾಧನೆ. ನಾನು ಹೆಸರು ಹೇಳಲ್ಲ. ಕರ್ತನಿಗೆ ಗೊತ್ತಿದೆ. ಎಫೆಸ 5:18ರಲ್ಲಿ ದೇವರ ಮನಸ್ಸು ಸ್ಪಷ್ಟ: ಅಮಲಿನಿಂದ ತುಂಬಬೇಡಿ, ಆತ್ಮನಿಂದ ತುಂಬಿರಿ. ಅದರಲ್ಲಿ ರಾಜಿ ಇಲ್ಲ. ಆದರೆ ಬಿದ್ದವನನ್ನು ಎತ್ತುವ ಮಾತೂ ಸಭೆಯಲ್ಲೇ ಸಿಗಬೇಕು. ಇಲ್ಲದಿದ್ದರೆ ಅವನು ಅದನ್ನು ದಲ್ಲಾಳಿ ಹತ್ತಿರ ಹುಡುಕುತ್ತಾನೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲ 10,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 15,000 ರೂಪಾಯಿ ದಂಡ, ಅಥವಾ 2 ವರ್ಷದವರೆಗೆ ಜೈಲು, ಅಥವಾ ಎರಡೂ. ಡಿಎಲ್ ಅಮಾನತಾಗಬಹುದು. 2023ರ ಫೆಬ್ರವರಿಯಲ್ಲಿ ಬಾಕಿ ಟ್ರಾಫಿಕ್ ದಂಡಕ್ಕೆ ಸರ್ಕಾರ ಅರ್ಧ ರಿಯಾಯಿತಿ ಕೊಟ್ಟಾಗ ಜನ ಕ್ಯೂ ನಿಂತು ಕಟ್ಟಿದರು, ನೆನಪಿದೆಯಾ? ಕುಡಿದು ಓಡಿಸಿದ ಕೇಸ್ ಹಾಗೆ ರಸ್ತೆಯಲ್ಲಿ ರಸೀದಿ ಹರಿದು ಮುಗಿಯುವಂಥದ್ದಲ್ಲ. ನ್ಯಾಯಾಧೀಶರ ಮುಂದೆ ನಿಲ್ಲಲೇಬೇಕು.

ಇಷ್ಟು ಕಠಿಣ ಯಾಕೆ? ವಿಮೋಚನಕಾಂಡ 21ನೇ ಅಧ್ಯಾಯ, 28 ಮತ್ತು 29ನೇ ವಚನ ನೋಡಿ. ಒಬ್ಬನ ಎತ್ತು ಹಾಯ್ದು ಮನುಷ್ಯ ಸತ್ತರೆ ಎತ್ತಿಗೆ ಶಿಕ್ಷೆ, ಯಜಮಾನ ನಿರಪರಾಧಿ. ಆದರೆ ಆ ಎತ್ತು ಮೊದಲಿಂದಲೂ ಹಾಯುವಂಥದ್ದು, ಊರವರು ಎಚ್ಚರಿಸಿದ್ದರೂ ಯಜಮಾನ ಕಟ್ಟಿಹಾಕಲಿಲ್ಲ ಅಂದರೆ, ಆ ಪ್ರಾಣಕ್ಕೆ ಯಜಮಾನನೇ ಹೊಣೆ. ಎರಡು ಕಡೆಯೂ ಎತ್ತು ಅದೇ, ಸಾವು ಅದೇ. ವ್ಯತ್ಯಾಸ ಎಲ್ಲಿದೆ? ಅವನಿಗೆ ಗೊತ್ತಿತ್ತು!

ನಮ್ಮ ಸುಪ್ರೀಂ ಕೋರ್ಟ್ ಕೂಡ ಇದೇ ಪ್ರಶ್ನೆ ಕೇಳಿತು. 2006ರ ನವೆಂಬರ್‌ನಲ್ಲಿ ಮುಂಬೈನ ಬಾಂದ್ರಾದಲ್ಲಿ ಒಂದು ಕಾರು ಫುಟ್‌ಪಾತ್ ಮೇಲೆ ಹತ್ತಿತು. ಅಲ್ಲಿ ಕೂಲಿ ಕಾರ್ಮಿಕರು ಮಲಗಿದ್ದರು. 7 ಜನ ಸತ್ತರು, 8 ಜನ ಗಾಯಗೊಂಡರು. ಓಡಿಸಿದ ಯುವಕ ಕುಡಿದಿದ್ದ. ಇದು ಬರೀ ಅಜಾಗರೂಕತೆ ಅನ್ನುವುದು ಅವನ ಪರ ವಾದ. 2012ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕುಡಿದು ಹಾಗೆ ಓಡಿಸುವವನಿಗೆ ಪ್ರಾಣ ಹೋಗಬಹುದು ಅನ್ನುವ ತಿಳಿವಳಿಕೆ ಇತ್ತು ಎಂದು ಹೇಳಿ, ಕೊಲೆಯಲ್ಲದ ನರಹತ್ಯೆಯ ಅಪರಾಧ ಮತ್ತು 3 ವರ್ಷದ ಶಿಕ್ಷೆಯನ್ನು ಎತ್ತಿಹಿಡಿಯಿತು.

ಪ್ರಿಯರೇ, ನಮ್ಮ ರಸ್ತೆಗಳನ್ನು ನೆನಸಿಕೊಳ್ಳಿ. ಶಿವಾಜಿನಗರದಲ್ಲಿ ರಾತ್ರಿ ತಳ್ಳುಗಾಡಿ ಪಕ್ಕದಲ್ಲೇ ಮಲಗುವ ವ್ಯಾಪಾರಿ. ಟಿನ್ ಫ್ಯಾಕ್ಟರಿ ಹತ್ತಿರ ಕೊನೇ ಆರ್ಡರ್ ತಲುಪಿಸಲು ಓಡುವ ಡೆಲಿವರಿ ಹುಡುಗ. ಹಲಸೂರಿನಲ್ಲಿ ಬೆಳಕು ಹರಿಯುವ ಮೊದಲೇ ಪೊರಕೆ ಹಿಡಿದು ಬರುವ ಪೌರಕಾರ್ಮಿಕ ಅಕ್ಕ. "ಎರಡೇ ಬಿಯರ್, ನಾನು ಸ್ಟೆಡಿ ಇದೀನಿ" ಅಂತ ಕೀ ತೆಗೆದುಕೊಳ್ಳುವಾಗ ಇವರೆಲ್ಲ ನಿನಗೆ ಗೊತ್ತಿಲ್ಲದವರಾ? ಎತ್ತು ಹಾಯುತ್ತದೆ ಅಂತ ಗೊತ್ತಿದ್ದೂ ಹಗ್ಗ ಬಿಚ್ಚಿದ್ದು ಯಾರು?

ಈಗ ಪೌಲನ ಹತ್ತಿರ ಬರೋಣ. ಅವನು ಕೈಸರೈಯದಲ್ಲಿ ಸೆರೆಯಲ್ಲಿದ್ದ, ಮಾಡದ ತಪ್ಪಿಗೆ. ಆದರೂ ನ್ಯಾಯಾಲಯದ ಮುಂದೆ ದೇವಜನರು ಹೇಗೆ ನಿಲ್ಲಬೇಕು ಅಂತ ಅವನಿಂದ ಮೂರು ವಿಷಯ ಕಲಿಯಬಹುದು.

ಮೊದಲನೆಯದು, ಪೌಲ ಲಂಚ ಕೊಡಲಿಲ್ಲ. 24:26ರಲ್ಲಿ ನೋಡಿ, ದೇಶಾಧಿಪತಿ ಫೇಲಿಕ್ಸನು ಪೌಲನಿಂದ ಹಣ ಸಿಗಬಹುದು ಅಂತ ಕಾದು, ಅವನನ್ನು ಪದೇ ಪದೇ ಕರೆಸುತ್ತಿದ್ದ. ಎಷ್ಟು ಕಾಲ? ಎರಡು ವರ್ಷ! ಪೌಲ ಹಣ ಕೊಡಲಿಲ್ಲ, ಸೆರೆಯಲ್ಲೇ ಉಳಿದ. "ಸುಮ್ಮನೆ ಸೆಟ್ ಮಾಡ್ಕೊಂಡ್ಬಿಡು ಮಗಾ" ಅಂತ ಫ್ರೆಂಡ್ಸ್ ಹೇಳುವಾಗ ಆ ಎರಡು ವರ್ಷ ನೆನಪಿರಲಿ.

ಎರಡನೆಯದು, ಪೌಲ ತನ್ನ ಹಕ್ಕನ್ನು ಬಿಟ್ಟುಕೊಡಲಿಲ್ಲ. ಫೆಸ್ತನು ವಿಚಾರಣೆ ಯೆರೂಸಲೇಮಿಗೆ ಹಾಕೋಣವಾ ಅಂದಾಗ ಪೌಲ ಕೈಸರನಿಗೆ ಮೇಲ್ಮನವಿ ಮಾಡಿದ. ಕಾನೂನು ಕೊಟ್ಟ ದಾರಿಯಲ್ಲಿ ನಡೆಯುವುದು ಅವಿಶ್ವಾಸ ಅಲ್ಲ. ನಿಮಗೂ ಹಕ್ಕುಗಳಿವೆ. ಸಂವಿಧಾನದ 22ನೇ ವಿಧಿ ಬಂಧಿತನಿಗೆ ತನ್ನ ವಕೀಲರನ್ನು ಭೇಟಿ ಮಾಡುವ ಹಕ್ಕು ಕೊಟ್ಟಿದೆ. 20ನೇ ವಿಧಿಯ ಪ್ರಕಾರ ನಿನ್ನ ವಿರುದ್ಧ ನೀನೇ ಸಾಕ್ಷಿ ಹೇಳು ಅಂತ ಆರೋಪಿಯನ್ನು ಯಾರೂ ಬಲವಂತ ಮಾಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 202ನೇ ಕಲಂ ಪ್ರಕಾರ 185ರ ಕೆಳಗೆ ಬಂಧಿಸಿದರೆ 2 ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಬಿಡಬೇಕು. ಕುಡಿಯದೇ ಇದ್ದರೂ ಯಂತ್ರ ಅಂಕಿ ತೋರಿಸಿತಾ? ಮೌತ್‌ವಾಶ್ ಬಳಸಿದ್ದಿರಾ? ಕೆಮ್ಮಿನ ಔಷಧಿ ಕುಡಿದಿದ್ದಿರಾ? ಇದ್ದದ್ದನ್ನು ಹೇಳಿ, ರಕ್ತ ಪರೀಕ್ಷೆ ಕೇಳಿ. ಪರೀಕ್ಷೆ ಸರಿಯಾಗಿ ಆಯಿತಾ, ದಾಖಲೆ ಸರಿ ಇದೆಯಾ ಅಂತ ವಕೀಲರು ಕೇಳುವುದು ಪಾಪವಲ್ಲ. ಆ ಪ್ರಶ್ನೆ ಕೇಳುವವರು ಇಲ್ಲದಿದ್ದರೆ ನಾಳೆ ನಿರಪರಾಧಿಗೂ ರಕ್ಷಣೆ ಇರಲ್ಲ. ವಕೀಲರಿಗೆ ಕೊಡಲು ಹಣವಿಲ್ಲದವರು 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಅರ್ಹರಿಗೆ ಉಚಿತವಾಗಿ ವಕೀಲರು ಸಿಗುತ್ತಾರೆ.

ಮೂರನೆಯದು, ಇದೇ ಮುಖ್ಯ. 25:11ರಲ್ಲಿ ಪೌಲ ಮೇಲ್ಮನವಿಗೆ ಮೊದಲು ಏನು ಹೇಳಿದ? ಮರಣಕ್ಕೆ ತಕ್ಕ ತಪ್ಪು ಮಾಡಿದ್ದರೆ ಸಾಯುವುದಕ್ಕೂ ಹಿಂಜರಿಯಲ್ಲ ಅಂದ. ಆಮೇಲೆ, ಆರೋಪ ಸುಳ್ಳಾದರೆ ನನ್ನನ್ನು ಒಪ್ಪಿಸುವ ಅಧಿಕಾರ ಯಾರಿಗೂ ಇಲ್ಲ ಅಂದ. ಒಂದೇ ವಚನದಲ್ಲಿ ಎರಡು ಮಾತು. ನಾವು ಎರಡನೇ ಮಾತನ್ನು ಬಾಯಿಪಾಠ ಮಾಡ್ತೀವಿ, ಮೊದಲನೇದನ್ನು ಬಿಟ್ಟುಬಿಡ್ತೀವಿ. ಹಕ್ಕು ಕೇಳುವ ಬಾಯಿಯೇ "ತಪ್ಪಿದ್ದರೆ ಶಿಕ್ಷೆ ಹೊರುತ್ತೇನೆ" ಅಂತಲೂ ಹೇಳಬೇಕು.

ಆ ಮೊದಲನೇ ಮಾತು ಬಿಟ್ಟರೆ ಏನಾಗುತ್ತದೆ? 2024ರ ಮೇ 19ರಂದು ಪುಣೆಯಲ್ಲಿ ಪೋರ್ಷೆ ಕಾರು ಗುದ್ದಿ ಬೈಕ್‌ನಲ್ಲಿದ್ದ ಇಬ್ಬರು ಯುವ ಸಾಫ್ಟ್‌ವೇರ್ ಉದ್ಯೋಗಿಗಳು ಸತ್ತರು. ಓಡಿಸುತ್ತಿದ್ದವನು 17 ವರ್ಷದ ಹುಡುಗ ಎಂದು ಪೊಲೀಸರು ಹೇಳಿದರು. ಆಮೇಲೆ ರಕ್ತದ ಮಾದರಿಯನ್ನೇ ಬದಲಾಯಿಸಿದ ಆರೋಪದಲ್ಲಿ ಆಸ್ಪತ್ರೆಯ ವೈದ್ಯರ ಬಂಧನವಾಯಿತು. ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುವಂತೆ ಮನೆಯ ಡ್ರೈವರ್ ಮೇಲೆ ಒತ್ತಡ ಹಾಕಿದರು ಎಂಬ ಆರೋಪದಲ್ಲಿ ಹುಡುಗನ ತಂದೆ, ತಾತನ ಬಂಧನವಾಯಿತು. ತೀರ್ಪು ಕೊಡುವುದು ನ್ಯಾಯಾಲಯ, ನಾವಲ್ಲ. ಆದರೆ ಅಪ್ಪ-ಅಮ್ಮಂದಿರೇ, ಮಗ ರಾತ್ರಿ ಫೋನ್ ಮಾಡಿ "ಅಪ್ಪಾ, ಆಕ್ಸಿಡೆಂಟ್ ಆಯ್ತು" ಅಂದರೆ ನಿಮ್ಮ ಬಾಯಿಂದ ಮೊದಲು ಬರುವ ಮಾತು ಯಾವುದು? "ಯಾರಾದ್ರೂ ನೋಡಿದ್ರಾ?" ಅಂತನಾ? ಅಥವಾ "ಬಿದ್ದವರಿಗೆ ಉಸಿರಿದೆಯಾ? ಆಂಬುಲೆನ್ಸ್ ಕರೆದಿಯಾ?" ಅಂತನಾ? ಗಾಯಗೊಂಡವನಿಗೆ ಚಿಕಿತ್ಸೆ ಕೊಡಿಸುವುದು ಕಾಯ್ದೆಯ 134ನೇ ಕಲಂ ಚಾಲಕನ ಮೇಲೆ ಹಾಕಿರುವ ಕರ್ತವ್ಯ. ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಗಾಯ ಮಾಡಿದ ಕಳ್ಳರು ಓಡಿಹೋದರು. ನಾವು ಓಡುವವರಾಗಬಾರದು.

ಹಾಗಾದರೆ ಕ್ಷಮೆ ಎಲ್ಲಿ? 1 ಯೋಹಾನ 2:1 ತೆರೆಯಿರಿ. ನಾವು ಪಾಪ ಮಾಡಿದರೆ ತಂದೆಯ ಬಳಿ ನಮ್ಮ ಪರವಾಗಿ ಮಾತಾಡುವವನು ಒಬ್ಬನಿದ್ದಾನೆ, ನೀತಿವಂತನಾದ ಯೇಸು. ಗ್ರೀಕ್‌ನಲ್ಲಿ ಆ ಪದ ಪಾರಾಕ್ಲೇತೊಸ್. ಯೋಹಾನ 14ರಲ್ಲಿ ಪವಿತ್ರಾತ್ಮನಿಗೂ ಅದೇ ಪದ. ಜೊತೆಗೆ ನಿಲ್ಲಲು ಕರೆಯಲ್ಪಟ್ಟವನು, ನಮ್ಮ ಮಾತಲ್ಲಿ ವಕೀಲ. ಈ ವಕೀಲ ತಂದೆಯ ಮುಂದೆ ಹೇಗೆ ವಾದ ಮಾಡುತ್ತಾನೆ? "ಇವನು ಕುಡಿದಿರಲಿಲ್ಲ" ಅನ್ನುತ್ತಾನಾ? "ಸ್ಟೀರಿಂಗ್ ಹಿಡಿದಿದ್ದು ಬೇರೆಯವರು" ಅನ್ನುತ್ತಾನಾ? ಇಲ್ಲ! ಅವನ ಬಾಯಲ್ಲಿ ಸುಳ್ಳಿಲ್ಲ. "ಇವನು ತಪ್ಪಿತಸ್ಥನೇ, ಬೆಲೆ ನಾನು ಕೊಟ್ಟಿದ್ದೇನೆ" ಅನ್ನುತ್ತಾನೆ. ಶಿಲುಬೆಯಲ್ಲಿ ಅರ್ಧ ರಿಯಾಯಿತಿ ಇಲ್ಲ ಪ್ರಿಯರೇ, ಪೂರ್ತಿ ಸಂದಾಯ. ಹಲ್ಲೆಲೂಯ!

ಪರಲೋಕದಲ್ಲಿ ನಿನ್ನ ವಕೀಲ ಸತ್ಯ ಹೇಳುತ್ತಿರುವಾಗ ಭೂಲೋಕದ ಕೋರ್ಟಿನಲ್ಲಿ ನೀನು ಸುಳ್ಳು ಹೇಳಬಹುದಾ? ಮೌನವಾಗಿರುವ ಹಕ್ಕಿದೆ, ಸುಳ್ಳು ಹೇಳುವ ಹಕ್ಕಿಲ್ಲ. ತಪ್ಪು ನಿಜವಾದರೆ ವಕೀಲರ ಜೊತೆ ಕೂತು, ಒಪ್ಪಿಕೊಂಡರೆ ಏನಾಗುತ್ತದೆ ಅಂತ ತಿಳಿದುಕೊಂಡು, ನ್ಯಾಯಾಧೀಶರ ಮುಂದೆ ಒಪ್ಪಿಕೋ. ದಂಡ ಕಟ್ಟು. ಡಿಎಲ್ ಹೋದರೆ ಬಸ್ ಹತ್ತು. ಮುಂದೆ ಕೆಲಸದ ಫಾರ್ಮ್‌ನಲ್ಲಿ ಶಿಕ್ಷೆಯಾಗಿದೆಯಾ ಅಂತ ಕೇಳಿದರೆ ನಿಜ ಬರೆ. ದಾವೀದನನ್ನು ದೇವರು ಕ್ಷಮಿಸಿದನು, ಆದರೂ ಪರಿಣಾಮ ಉಳಿಯಿತು. ಜಕ್ಕಾಯ ಯೇಸುವನ್ನು ಮನೆಗೆ ಸೇರಿಸಿಕೊಂಡ ದಿನವೇ, ಅನ್ಯಾಯದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂದ. ಕೃಪೆ ಬಂದ ಮನೆಯಲ್ಲಿ ಲೆಕ್ಕ ಚುಕ್ತಾ ಆಗುತ್ತದೆ.

ತಮ್ಮಂದಿರೇ, ತಂಗಿಯರೇ, ಕುಡಿಯಬೇಡಿ ಅಂತಲೇ ಹೇಳ್ತೀನಿ. ಆದರೆ ಬಿದ್ದುಹೋದ ರಾತ್ರಿ ಕೀ ಮುಟ್ಟಬೇಡಿ. ಒಂದು ಪಾಪದ ಮೇಲೆ ಇನ್ನೊಬ್ಬರ ಪ್ರಾಣ ಹೊರಬೇಡಿ. ಆಟೋ ಹಿಡಿಯಿರಿ, ಮೆಟ್ರೋ ಹತ್ತಿರಿ. ಏನೂ ಸಿಗದಿದ್ದರೆ ಸಭೆಯ ಹಿರಿಯರಿಗೆ ಫೋನ್ ಮಾಡಿ. ನಾವು ಬರ್ತೀವಿ. ಬೈಯೋದು ಮಾರನೇ ದಿನ.

ಈಗ ತಲೆಬಾಗಿಸೋಣ. ಯಾರ ಹೃದಯದಲ್ಲಿ ಮುಚ್ಚಿಟ್ಟ ಕೇಸ್ ಇದೆಯೋ, ಸಮನ್ಸ್ ಬಂದಿದ್ದರೂ ಮನೆಯಲ್ಲಿ ಹೇಳಿಲ್ಲವೋ, ಅವರು ಪ್ರಾರ್ಥನೆ ಮುಗಿದ ಮೇಲೆ ನನ್ನನ್ನು ಬಂದು ನೋಡಿ. ಕೋರ್ಟಿಗೆ ಹೋಗುವ ದಿನ ನಿಮ್ಮ ಜೊತೆ ನಾನು ಬರ್ತೀನಿ.

ಕರ್ತನೇ, ಗುದ್ದಿದ ಗಾಡಿಯಿಂದ ಮಗನನ್ನೋ ಮಗಳನ್ನೋ ಕಳೆದುಕೊಂಡ ಮನೆಗಳನ್ನು ಸಂತೈಸು. ರಾತ್ರಿ ರಸ್ತೆಯಲ್ಲಿ ನಿಂತು ಕೆಲಸ ಮಾಡುವ ಪೊಲೀಸರನ್ನು ಕಾಪಾಡು. ನಮ್ಮ ಯೌವನಸ್ಥರನ್ನು ನಿನ್ನ ಆತ್ಮನಿಂದ ತುಂಬಿಸು. ತಪ್ಪಿದವರಿಗೆ ನಿಜ ಹೇಳುವ ಧೈರ್ಯ ಕೊಡು. ನಮ್ಮ ಪರವಾಗಿ ಮಾತಾಡುವ ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.