ನಾಸ್ತಿಕನಿಗೆ ವಿಸ್ಮಯವುಂಟೆ?

ನಾಸ್ತಿಕನ ಮೇಲೆ ಲೋಕ ಹೊರಿಸುವ ಆಪಾದನೆಗಳು ಹಲವು. ಅವನಿಗೆ ಪಾಪಭೀತಿಯಿಲ್ಲ ಎಂಬುದು ಒಂದು. ಕಷ್ಟಕಾಲದಲ್ಲಿ ತಟ್ಟುವುದಕ್ಕೆ ಅವನಿಗೊಂದು ಬಾಗಿಲಿಲ್ಲ ಎಂಬುದು ಇನ್ನೊಂದು. ಇವುಗಳ ಚರ್ಚೆ ಹಳೆಯದು. ನಮ್ಮ ಭಾಷೆಯಲ್ಲಿಯೇ ಎ. ಎನ್. ಮೂರ್ತಿರಾಯರು ತೊಂಬತ್ತರ ವಯಸ್ಸಿನಲ್ಲಿ, 1991ರಲ್ಲಿ, 'ದೇವರು' ಎಂಬ ಪುಸ್ತಕವನ್ನು ಪ್ರಕಟಿಸಿ, ತಮಗೆ ದೇವರಲ್ಲಿ ನಂಬಿಕೆ ಏಕೆ ಸಾಧ್ಯವಾಗಲಿಲ್ಲವೆಂಬುದನ್ನು ಬಿಚ್ಚುಮನಸ್ಸಿನಿಂದ ಹೇಳಿದರು. ಆದರೆ ಮೂರನೆಯ ಆಪಾದನೆಯೊಂದುಂಟು. ನಾಸ್ತಿಕನ ಜಗತ್ತು ಒಣಜಗತ್ತು, ಅದರಲ್ಲಿ ಬೆರಗಿಗೆ ಎಡೆಯಿಲ್ಲ ಎಂಬುದೇ ಅದು. ಕಾಮನಬಿಲ್ಲನ್ನು ನೋಡಿದಾಗ ಅವನಿಗೆ ನೀರಹನಿಯೂ ಬೆಳಕಿನ ವಕ್ರೀಭವನವೂ ಕಾಣುತ್ತವೆಯೇ ಹೊರತು ಬಿಲ್ಲು ಕಾಣುವುದಿಲ್ಲ ಎನ್ನುತ್ತಾರೆ. ಮೊದಲ ಎರಡು ಮಾತುಗಳಿಗಿಂತ ಇದು ಸೌಮ್ಯವಾದದ್ದು, ಬೈಗುಳವಲ್ಲ, ಮರುಕ. ಬೈಗುಳಕ್ಕೆ ಉತ್ತರ ಕೊಡಬಹುದು. ಮರುಕಕ್ಕೆ ಉತ್ತರ ಕೊಡುವುದು ಕಷ್ಟ.

ಸಾಹಿತ್ಯದ ಪಾಠ ಹೇಳುವ ನನ್ನಂಥವನಿಗೆ ವಿಸ್ಮಯವೆಂದೊಡನೆ ನೆನಪಾಗುವವನು ಭರತ. ನಾಟ್ಯಶಾಸ್ತ್ರದ ಎಂಟು ರಸಗಳಲ್ಲಿ ಅದ್ಭುತವೂ ಒಂದು. ಅದರ ಸ್ಥಾಯಿಭಾವವೇ ವಿಸ್ಮಯ. ಅದನ್ನು ಹುಟ್ಟಿಸುವ ಸಂಗತಿಗಳೆಂದು ಭರತ ಕೆಲವನ್ನು ಎಣಿಸುತ್ತಾನೆ: ದಿವ್ಯರ ದರ್ಶನ, ಬಯಸಿದ್ದು ಕೈಗೂಡುವುದು, ಉಪವನಕ್ಕೋ ದೇವಾಲಯಕ್ಕೋ ಹೋಗುವುದು, ಸಭೆ, ವಿಮಾನ, ಮಾಯೆ, ಇಂದ್ರಜಾಲ. ದಿವ್ಯರ ದರ್ಶನವೂ ಗಾರುಡಿಗನ ಕೈಚಳಕವೂ ಇಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಭರತ ನಾಸ್ತಿಕನಲ್ಲ, ನಿಜ. ಆದರೆ ಬೆರಗುಗೊಳ್ಳುವುದಕ್ಕೆ ಭಕ್ತಿ ಇದ್ದೇ ತೀರಬೇಕೆಂದು ಅವನು ಕಟ್ಟುಮಾಡಲಿಲ್ಲ. ಅದೇ ಎಂಟರಲ್ಲಿ ಭಯಾನಕವಿದೆ, ಹಾಸ್ಯವಿದೆ. ಒಂದೇ ವಸ್ತುವಿನಿಂದ ಇವುಗಳಲ್ಲಿ ಯಾವ ರಸ ಹೊಮ್ಮುತ್ತದೆಂಬುದು ವಸ್ತುವಿಗಿಂತ ಹೆಚ್ಚಾಗಿ ಅದನ್ನು ತೋರಿಸುವವನನ್ನು ಅವಲಂಬಿಸಿದೆ.

ಈ ಮಾತನ್ನು ಒರೆಗೆ ಹಚ್ಚಲು ಸೂರ್ಯಗ್ರಹಣಕ್ಕಿಂತ ಒಳ್ಳೆಯ ವಸ್ತು ದೊರೆಯಲಾರದು. ಮತ್ತು ನಮ್ಮ ಕಾಲದಲ್ಲಿ ಅದನ್ನು ಬಹುಮಂದಿಗೆ ತೋರಿಸುವುದು ಟೆಲಿವಿಷನ್.

1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲೆಯ ಬಳಿ ನಮ್ಮ ಕರಾವಳಿಯನ್ನು ಮುಟ್ಟಿ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದು ಪೂರ್ವಕ್ಕೆ ಸಾಗಿತು. ಹಾಡುಹಗಲಿನಲ್ಲಿ ಎರಡು ನಿಮಿಷಕ್ಕೂ ಮಿಕ್ಕಿ ಕತ್ತಲೆ. ದೇಶ ದೇಶಗಳ ವಿಜ್ಞಾನಿಗಳು ಭಾರತಕ್ಕೆ ಬಂದು ದೂರದರ್ಶಕಗಳನ್ನು ಹೂಡಿ ಕಾದರು. ನಮ್ಮ ಜನರಲ್ಲಿ ಬಹುಪಾಲಿನವರು ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ ಒಳಗೆ ಕುಳಿತರು. ಅಂದು ದಿಲ್ಲಿಯ ದೂರದರ್ಶನ ಜನರನ್ನು ಮನೆಯಲ್ಲಿಯೇ ಹಿಡಿದಿಡುವುದಕ್ಕಾಗಿ ಒಂದು ಹಿಂದಿ ಚಲಚ್ಚಿತ್ರವನ್ನು ತೋರಿಸಿತೆಂಬುದನ್ನು ಆ ಕಾಲದವರು ಇಂದಿಗೂ ನೆನೆಯುತ್ತಾರೆ. ಬರಿಗಣ್ಣಿಗೆ ಅಪಾಯವಾಗದಿರಲಿ ಎಂಬ ಕಾಳಜಿ ತಪ್ಪಲ್ಲ. ಆದರೂ, ಆಕಾಶ ತನ್ನ ಅತ್ಯಂತ ಅಪರೂಪದ ಆಟವನ್ನು ಆಡುತ್ತಿದ್ದಾಗ ಸಿನಿಮಾ ನೋಡುತ್ತ ಕುಳಿತದ್ದನ್ನು ಏನೆಂದು ಕರೆಯೋಣ?

ಹದಿನೈದು ವರ್ಷಗಳ ಮೇಲೆ, 1995ರ ಅಕ್ಟೋಬರ್ 24ರಂದು, ದೀಪಾವಳಿಯ ಅಮಾವಾಸ್ಯೆಯ ಮರುಬೆಳಗ್ಗೆ, ಮತ್ತೊಂದು ಪೂರ್ಣಗ್ರಹಣ ಉತ್ತರ ಭಾರತವನ್ನು ಹಾದುಹೋಯಿತು. ಈ ಸಲ ದೂರದರ್ಶನ ಆಕಾಶವನ್ನೇ ತೋರಿಸಿತು. ಜೊತೆಗೆ ಪ್ರೊಫೆಸರ್ ಯಶ್‌ಪಾಲ್ ಕುಳಿತು, ಏನು ನಡೆಯುತ್ತಿದೆ, ಏಕೆ ನಡೆಯುತ್ತಿದೆ ಎಂಬುದನ್ನು ಮನೆಯ ಹಿರಿಯರು ಮಕ್ಕಳಿಗೆ ಹೇಳುವಂತೆ ಹೇಳಿದರು. ಅದಕ್ಕೆ ಮೊದಲೇ 'ಟರ್ನಿಂಗ್ ಪಾಯಿಂಟ್' ಎಂಬ ವಿಜ್ಞಾನ ಕಾರ್ಯಕ್ರಮದಲ್ಲಿ ಅವರು ಪ್ರೇಕ್ಷಕರ ಪ್ರಶ್ನೆಗಳಿಗೆ ಉತ್ತರಿಸಿ ಪರಿಚಿತರಾಗಿದ್ದರು. ಆ ಕಾರ್ಯಕ್ರಮವನ್ನು ನಮ್ಮ ಗಿರೀಶ ಕಾರ್ನಾಡರು ನಡೆಸಿಕೊಡುತ್ತಿದ್ದುದು ಅನೇಕರ ನೆನಪಿನಲ್ಲಿರಬಹುದು. ಗ್ರಹಣದ ಬೆಳಗ್ಗೆ ಯಶ್‌ಪಾಲರು ಯಾರ ನಂಬಿಕೆಯನ್ನೂ ಹಂಗಿಸಬೇಕಾಗಲಿಲ್ಲ. ಚಂದ್ರನ ಅಂಚಿನಲ್ಲಿ ವಜ್ರದ ಹರಳಿನಂತೆ ಬೆಳಕು ಹೊಳೆದಾಗ, ನೋಡುತ್ತಿದ್ದವರಲ್ಲಿ ಆಸ್ತಿಕರಾರು, ನಾಸ್ತಿಕರಾರು ಎಂದು ಗುರುತಿಸುವುದು ಸಾಧ್ಯವಿರಲಿಲ್ಲ. ಅದು ಅದ್ಭುತ ರಸ.

ಇನ್ನೊಂದು ಗ್ರಹಣ 2019ರ ಡಿಸೆಂಬರ್ 26ರದು. ಮಂಗಳೂರಿನ ಕಡೆ ಅದು ಕಂಕಣಗ್ರಹಣ; ಉಳಿದ ಕರ್ನಾಟಕದ ಬಹುಭಾಗಕ್ಕೆ ಪಾರ್ಶ್ವಗ್ರಹಣ. ಈ ಹೊತ್ತಿಗೆ ಒಂದು ದೂರದರ್ಶನವಿದ್ದಲ್ಲಿ ಹತ್ತಾರು ವಾಹಿನಿಗಳು ಬಂದಿದ್ದವು. ಯಾವ ರಾಶಿಯವರಿಗೆ ಯಾವ ದೋಷ, ಗರ್ಭಿಣಿಯರು ಏನು ಮಾಡಬಾರದು, ಯಾವ ದಾನದಿಂದ ಯಾವ ಶಾಂತಿ ಎಂಬ ಚರ್ಚೆಯೇ ಇಂಥ ದಿನಗಳಲ್ಲಿ ಅವುಗಳ ಮುಖ್ಯ ಬಂಡವಾಳ. ಅದೇ ದಿನ ಕಲಬುರಗಿಯ ಸಮೀಪದ ಒಂದು ಹಳ್ಳಿಯಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದರು. ಗ್ರಹಣಕಾಲದಲ್ಲಿ ಹಾಗೆ ಮಾಡಿದರೆ ಊನ ನೀಗುತ್ತದೆಂದು ತಂದೆತಾಯಿಗಳ ನಂಬಿಕೆ. ಆ ಚಿತ್ರಗಳು ದೇಶವನ್ನೆಲ್ಲ ಸುತ್ತಿದವು.

ಇಲ್ಲಿ ಒಂದು ಹಳೆಯ ಸಂಗತಿಯನ್ನು ಜ್ಞಾಪಿಸಿಕೊಳ್ಳಬೇಕು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕದ ಒಂದು ಉಪಗ್ರಹದ ನೆರವಿನಿಂದ ಭಾರತದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮಗಳನ್ನು ಕಳಿಸುವ ಪ್ರಯೋಗ ನಡೆಯಿತು. ಬೇಸಾಯ, ಆರೋಗ್ಯ, ಶಿಕ್ಷಣ ಇವು ಅದರ ವಿಷಯಗಳು. ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದ ನಿರ್ದೇಶಕರಾಗಿ ಅದಕ್ಕೆ ದುಡಿದವರು ಇದೇ ಯಶ್‌ಪಾಲರು. ಆ ಪ್ರಯೋಗಕ್ಕೆ ಒಳಪಟ್ಟ ಕರ್ನಾಟಕದ ಜಿಲ್ಲೆಗಳು ವಿಜಾಪುರ, ರಾಯಚೂರು ಮತ್ತು ಗುಲ್ಬರ್ಗಾ, ಅಂದರೆ ಇಂದಿನ ಕಲಬುರಗಿ. ದೇಶದ ಅನೇಕ ದೊಡ್ಡ ಪಟ್ಟಣಗಳು ಇನ್ನೂ ಟೆಲಿವಿಷನ್ ಕಾಣದಿದ್ದ ಕಾಲದಲ್ಲಿ ಆಕಾಶದ ಮಾರ್ಗವಾಗಿ ವಿಜ್ಞಾನ ಬಂದಿಳಿದ ಸೀಮೆಯಲ್ಲಿಯೇ, ನಾಲ್ಕು ದಶಕಗಳು ಕಳೆದ ಮೇಲೆ, ಆಕಾಶಕ್ಕೆ ಹೆದರಿಯೋ ಆಸೆಪಟ್ಟೋ ಮಕ್ಕಳನ್ನು ಮಣ್ಣಿನಲ್ಲಿ ನಿಲ್ಲಿಸಿದ್ದನ್ನು ಕಂಡೆವು. ಯಂತ್ರ ತಲುಪಿದ ಮಾತ್ರಕ್ಕೆ ವಿಜ್ಞಾನ ತಲುಪಿದಂತಲ್ಲ.

ಗ್ರಹಣಕ್ಕೆ ಕಾರಣ ನೆರಳು ಎಂಬುದು ನಮಗೆ ಹೊಸ ಸುದ್ದಿಯೇನಲ್ಲ. ಕ್ರಿಸ್ತಶಕ 499ರ ಆರ್ಯಭಟೀಯದಲ್ಲಿಯೇ ಚಂದ್ರ ಸೂರ್ಯನನ್ನು ಮರೆಮಾಡುವುದನ್ನೂ ಭೂಮಿಯ ನೆರಳು ಚಂದ್ರನನ್ನು ಮುಚ್ಚುವುದನ್ನೂ ಹೇಳಿದೆ. ಸ್ಪರ್ಶವೆಷ್ಟು ಹೊತ್ತಿಗೆ, ಮೋಕ್ಷವೆಷ್ಟು ಹೊತ್ತಿಗೆ ಎಂದು ನಿಮಿಷ ಸಹಿತ ಹೇಳುವ ಜ್ಯೋತಿಷಿಯೂ ಆ ಲೆಕ್ಕವನ್ನು ಪಡೆಯುವುದು ಗಣಿತದಿಂದಲೇ. ಲೆಕ್ಕವನ್ನು ಒಪ್ಪಿಕೊಂಡು, ಅದರಿಂದ ಹುಟ್ಟಬೇಕಾದ ಬೆರಗನ್ನು ಭಯವಾಗಿ ಮಾರುವುದು ಆ ಕಾರ್ಯಕ್ರಮಗಳ ವ್ಯಾಪಾರ. ಇದು ಭಯಾನಕ ರಸ.

ಆದರೆ ವಿಚಾರವಾದಿಗಳಾದ ನಾವು ಇದಕ್ಕೆ ಇದಿರಾಗಿ ಏನನ್ನು ಕೊಡುತ್ತಿದ್ದೇವೆ? ಜ್ಯೋತಿಷಿಯ ಪಕ್ಕದಲ್ಲಿ ಕುಳಿತು ಅವನೊಡನೆ ಜಗಳವಾಡುತ್ತೇವೆ. ಗ್ರಹಣದ ಹೊತ್ತಿನಲ್ಲಿ ತಿಂಡಿ ತಿಂದು, 'ನೋಡಿ, ಏನೂ ಆಗುವುದಿಲ್ಲ' ಎಂದು ತೋರಿಸುತ್ತೇವೆ. ಇದರಿಂದ ಪ್ರಯೋಜನವಿಲ್ಲವೆಂದಲ್ಲ, ಒಬ್ಬ ಬಸುರಿ ಹಸಿದು ಕೂರುವುದು ತಪ್ಪಿದರೂ ಲಾಭವೇ. ಆದರೆ ಇದು ಹಾಸ್ಯರಸದಲ್ಲಿ ಮುಗಿಯುತ್ತದೆ. ಅಲ್ಲದೆ 'ಏನೂ ಆಗುವುದಿಲ್ಲ' ಎಂಬುದು ಎಂಥ ಬಡಮಾತು! ತಲೆಯ ಮೇಲೆ ಏನೇನೋ ಆಗುತ್ತಿದೆ. ಸೂರ್ಯನ ವ್ಯಾಸ ಚಂದ್ರನ ವ್ಯಾಸದ ಸುಮಾರು 400 ಪಟ್ಟು. ಅವನು ನಮ್ಮಿಂದ ಇರುವ ದೂರವೂ ಚಂದ್ರನ ದೂರದ ಸುಮಾರು 400 ಪಟ್ಟು. ಆದುದರಿಂದಲೇ ನಮ್ಮ ಕಣ್ಣಿಗೆ ಎರಡೂ ಬಿಂಬಗಳು ಒಂದೇ ಅಳತೆಯವು. ಪುಟ್ಟ ಚಂದ್ರ ಅಷ್ಟು ದೊಡ್ಡ ಸೂರ್ಯನನ್ನು ಸರಿಯಾಗಿ ಮುಚ್ಚಬಲ್ಲ.

ಭಕ್ತನಾದವನು ಈ ಹೊಂದಿಕೆಯನ್ನು ಕಂಡು, 'ಯಾರೋ ಏರ್ಪಡಿಸದೆ ಹೀಗಾದೀತೆ?' ಎನ್ನುತ್ತಾನೆ. ಅವನ ಭಾವವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1969ರಲ್ಲಿ ಚಂದ್ರನ ಮೇಲಿಳಿದವರು ಅಲ್ಲಿ ಕನ್ನಡಿಯಂಥ ಸಾಧನವೊಂದನ್ನು ಇರಿಸಿ ಬಂದರು. ಇಲ್ಲಿಂದ ಲೇಸರ್ ಕಿರಣವನ್ನು ಬಿಟ್ಟು, ಅದು ಮರಳುವ ಕಾಲವನ್ನು ಅಳೆದಾಗ, ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರಿನಷ್ಟು ದೂರ ಸರಿಯುತ್ತಿದ್ದಾನೆಂದು ತಿಳಿಯಿತು. ಹಿಂದೊಮ್ಮೆ ಅವನ ಬಿಂಬ ಈಗಿನದಕ್ಕಿಂತ ದೊಡ್ಡದಾಗಿತ್ತು. ಇನ್ನು ಸುಮಾರು 60 ಕೋಟಿ ವರ್ಷಗಳಾದರೆ ಸೂರ್ಯನನ್ನು ಪೂರ್ತಿ ಮುಚ್ಚಲಾರದಷ್ಟು ಚಿಕ್ಕದಾಗುತ್ತದೆ. ಆಮೇಲೆ ಈ ಭೂಮಿಯ ಮೇಲೆ ಪೂರ್ಣಗ್ರಹಣವೇ ಇರದು. ಯಾರೂ ನಮಗಾಗಿ ಏರ್ಪಡಿಸಲಿಲ್ಲ. ನಾವು ತಕ್ಕ ಹೊತ್ತಿನಲ್ಲಿ ಹುಟ್ಟಿದ್ದೇವೆ, ಅಷ್ಟೆ. ಏರ್ಪಾಟಿನ ಕಥೆಗಿಂತ ಈ ಆಕಸ್ಮಿಕದ ಕಥೆ ನನ್ನನ್ನು ಹೆಚ್ಚು ಬೆರಗುಗೊಳಿಸುತ್ತದೆ. ಪವಾಡವೆಂದರೆ ನಿಯಮ ಮುರಿಯುವುದು. ಇಲ್ಲಿಯ ಬೆರಗು ನಿಯಮ ಮುರಿಯದೆ ನಡೆದುಬಂದದ್ದರದು.

ಟೆಲಿವಿಷನ್ ಇಂಥ ಬೆರಗನ್ನು ಕೊಡಬಲ್ಲದೆಂಬುದಕ್ಕೆ ಹೊರದೇಶಗಳಲ್ಲಿ ಒಳ್ಳೆಯ ನಿದರ್ಶನಗಳಿವೆ. 1980ರಲ್ಲಿ ಅಮೆರಿಕದ ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಹದಿಮೂರು ಕಂತುಗಳ 'ಕಾಸ್ಮೋಸ್' ಎಂಬ ಮಾಲೆಯನ್ನು ನಡೆಸಿಕೊಟ್ಟರು. ತಮ್ಮನ್ನು ನಾಸ್ತಿಕನೆನ್ನದೆ ಅಜ್ಞೇಯವಾದಿಯೆಂದು ಕರೆದುಕೊಂಡವರು ಅವರು. ಅದರ ಒಂದು ಕಂತಿಗಾಗಿ ತಮಿಳುನಾಡಿಗೆ ಬಂದು, ಪೊಂಗಲ್ ಹಬ್ಬವನ್ನೂ ಚೋಳರ ಕಾಲದ ನಟರಾಜನನ್ನೂ ತೋರಿಸಿ, ಬ್ರಹ್ಮನ ಕಲ್ಪದ ಲೆಕ್ಕವನ್ನು ಮೆಚ್ಚಿದರು. ನಮ್ಮ ಪುರಾಣದಲ್ಲಿ ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ. ವಿಜ್ಞಾನದ ಲೆಕ್ಕದಲ್ಲಿ ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಆದರೆ ಪುರಾಣಕಾರರಿಗೆ ಎಲ್ಲವೂ ತಿಳಿದಿತ್ತೆಂದು ಸೇಗನ್ ಹಿಗ್ಗಲಿಲ್ಲ; ಈ ಹೋಲಿಕೆ ಆಕಸ್ಮಿಕವೆಂಬ ಮಾತನ್ನು ಸೇರಿಸಿಯೇ ಹೇಳಿದರು. ಅಷ್ಟು ದೀರ್ಘಕಾಲವನ್ನು ಊಹಿಸಬಲ್ಲ ಕಲ್ಪನೆಗೆ ತಲೆಬಾಗಬಹುದು. ಊಹೆಯನ್ನು ಅಳತೆಯೆಂದು ಭ್ರಮಿಸಬೇಕಾಗಿಲ್ಲ. ನಂಬದೆಯೂ ಗೌರವಿಸಬಹುದೆಂಬುದಕ್ಕೆ ಇದಕ್ಕಿಂತ ಮೇಲ್ಪಂಕ್ತಿ ಬೇಕಿಲ್ಲ.

ಈಗ ಕಠಿನವಾದ ಪ್ರಶ್ನೆಗೆ ಬರೋಣ. ಬೆರಗೇನೋ ಸರಿ, ಸಾಂತ್ವನವೆಲ್ಲಿ? ಮಗುವನ್ನು ಕಳೆದುಕೊಂಡ ತಾಯಿಗೆ ಚಂದ್ರನ ದೂರವನ್ನು ಹೇಳಿ ಸಮಾಧಾನ ಮಾಡಲಾದೀತೆ? ಆಗದು. ಇದನ್ನು ನಾಸ್ತಿಕ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳಬೇಕು. ಪ್ರಾಣಿಲೋಕವನ್ನು ಟೆಲಿವಿಷನ್ನಿನಲ್ಲಿ ಜಗತ್ತಿಗೆಲ್ಲ ತೋರಿಸಿದ ಇಂಗ್ಲೆಂಡಿನ ಡೇವಿಡ್ ಅಟೆನ್‌ಬರೋ ಅವರಿಗೆ, ಇಷ್ಟು ಸುಂದರವಾದ ಹಕ್ಕಿ ಹೂಗಳನ್ನು ತೋರಿಸುತ್ತೀರಿ, ಸೃಷ್ಟಿಕರ್ತನ ಹೆಸರನ್ನೇಕೆ ಎತ್ತುವುದಿಲ್ಲ ಎಂದು ಕೇಳುವ ಪತ್ರಗಳು ಬರುತ್ತಿದ್ದವು. ಆಫ್ರಿಕದ ನದೀತೀರದಲ್ಲಿ ಮಗುವಿನ ಕಣ್ಣನ್ನು ಕೊರೆದು ಕುರುಡುಮಾಡುವ ಹುಳುವಿನ ಕಡೆಗೆ ಅವರು ಬೊಟ್ಟುಮಾಡುತ್ತಿದ್ದರು. ಹಕ್ಕಿಯನ್ನು ಅವನು ಸೃಷ್ಟಿಸಿದನೆಂದರೆ ಹುಳುವನ್ನೂ ಅವನೇ ಸೃಷ್ಟಿಸಿದನೆನ್ನಬೇಕಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಪ್ರಕೃತಿಗೆ ಕರುಣೆಯೂ ಇಲ್ಲ, ದ್ವೇಷವೂ ಇಲ್ಲ. ಅದನ್ನು ಕಂಡು ಬೆರಗಾಗಬಹುದು. ಅದರ ಮಡಿಲಲ್ಲಿ ತಲೆಯಿಟ್ಟು ಅಳಲಾಗದು.

ಹಾಗಾದರೆ ಕರುಣೆ ಎಲ್ಲಿಂದ ಬರಬೇಕು? ಮನುಷ್ಯನಿಂದಲೇ ಬರಬೇಕು, ಬೇರೆ ಮೂಲವಿಲ್ಲ. ಮಣ್ಣಿನಲ್ಲಿ ಹೂತ ಮಕ್ಕಳ ಚಿತ್ರವನ್ನು ನೋಡಿ, 'ಎಂಥ ಮೂಢರು' ಎಂದು ನಕ್ಕವರು ಆ ತಂದೆತಾಯಿಗಳ ಕೈಯಲ್ಲಿ ಬೇರೆ ಏನಿತ್ತೆಂದು ಕೇಳಲಿಲ್ಲ. ನಡೆಯಲಾರದ ಮಗುವನ್ನು ವರ್ಷಗಟ್ಟಲೆ ಹೊತ್ತವರು, ಆಕಾಶವೇ ಕತ್ತಲಾಗುವ ದಿನ ಏನಾದರೂ ಆದೀತೆಂದು ಆಸೆಪಟ್ಟರು. ಮೇಲಿನಿಂದ ಯಾರೂ ಬಂದು ಆ ಮಗುವನ್ನು ಎತ್ತುವುದಿಲ್ಲವೆಂದು ಸಾರುವವನಿಗೆ, ಅದನ್ನು ಎತ್ತುವ ವೈದ್ಯ, ವ್ಯಾಯಾಮ, ಗಾಲಿಕುರ್ಚಿ, ಶಾಲೆ ಆ ಹಳ್ಳಿಯನ್ನು ಮುಟ್ಟುವಂತೆ ಮಾಡುವ ಹೊಣೆಯೂ ಉಂಟು. 1976ರ ತಿದ್ದುಪಡಿಯಿಂದ ನಮ್ಮ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ವೈಜ್ಞಾನಿಕ ಮನೋಭಾವವನ್ನೂ ಮಾನವೀಯತೆಯನ್ನೂ ಒಂದೇ ವಾಕ್ಯದಲ್ಲಿ ಹೇಳಿರುವುದು ಗಮನಾರ್ಹ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಎರಡೂ ಕೆಡುತ್ತವೆ.

ಡಾ. ಎಚ್. ನರಸಿಂಹಯ್ಯನವರನ್ನು ಇಲ್ಲಿ ನೆನೆಯುವುದು ಉಚಿತ. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಅವರು ಸಮಿತಿಯೊಂದನ್ನು ರಚಿಸಿದ್ದು ದೊಡ್ಡ ಸುದ್ದಿಯಾಯಿತು. ಅದಕ್ಕೂ ಬಹಳ ಮೊದಲೇ, 1962ರಲ್ಲಿ, ಸಾಮಾನ್ಯರೂ ಬಂದು ವಿಜ್ಞಾನದ ಉಪನ್ಯಾಸ ಕೇಳಲೆಂದು ಅವರು ಬೆಂಗಳೂರು ಸೈನ್ಸ್ ಫೋರಂ ಅನ್ನು ಸ್ಥಾಪಿಸಿದ್ದು ಅಷ್ಟು ದೊಡ್ಡ ಸುದ್ದಿಯಲ್ಲ. ಪವಾಡವನ್ನು ಪ್ರಶ್ನಿಸುವುದು ಅರ್ಧ ಕೆಲಸ; ಪವಾಡ ಹೋದ ಜಾಗದಲ್ಲಿ ನೋಡುವುದಕ್ಕೆ ಏನಾದರೂ ಕೊಡುವುದು ಉಳಿದರ್ಧ. ಅವರು ಎರಡನ್ನೂ ಮಾಡಿದರು. ನಮ್ಮ ಟೆಲಿವಿಷನ್ ಮೊದಲರ್ಧವನ್ನು ಜಗಳವಾಗಿಸಿಕೊಂಡು, ಉಳಿದರ್ಧವನ್ನು ಮರೆತಿದೆ.

2031ರ ಮೇ 21ರಂದು ಮತ್ತೊಂದು ಕಂಕಣಗ್ರಹಣ ಕೇರಳ, ತಮಿಳುನಾಡುಗಳ ಮೇಲೆ ಹಾದುಹೋಗುತ್ತದೆ. ಕರ್ನಾಟಕದಲ್ಲಿ ಸೂರ್ಯನ ಬಹುಭಾಗ ಮುಚ್ಚಿಹೋಗುತ್ತದೆ. ಇದನ್ನು ಇಷ್ಟು ಮುಂಚಿತವಾಗಿ ನಿಸ್ಸಂಶಯವಾಗಿ ಹೇಳಬಲ್ಲೆವೆಂಬುದೇ ನನಗೆ ಸಾಕಷ್ಟು ದೊಡ್ಡ ಅದ್ಭುತ. ಅಂದು ಸೂರ್ಯಚಂದ್ರರು ತಮ್ಮ ಪಾತ್ರವನ್ನು ಕ್ಷಣವೂ ತಪ್ಪದೆ ವಹಿಸುವರು. ಅದರಿಂದ ಯಾವ ರಸವನ್ನು ಹಿಂಡಬೇಕೆಂಬುದನ್ನು ತೋರಿಸುವವರು ನಿರ್ಧರಿಸಬೇಕು. ನೋಡುವವರಾದ ನಾವು ಅದನ್ನು ಕೇಳಿ ಪಡೆಯಬೇಕು.