ನಿದ್ರೆಯನ್ನು ಮುಂದೂಡುವ ಸ್ವಾತಂತ್ರ್ಯ

ರಾತ್ರಿ ದೀಪವಾರಿಸಿದ ಮೇಲೂ ಮೊಬೈಲಿನ ಬೆಳಕು ಆರದಿರುವುದು ಇಂದು ನಮ್ಮ ಅನೇಕ ಮನೆಗಳ ಸಂಗತಿ. ಕೇಳಿದರೆ ಮಕ್ಕಳು "ಅದು ನನ್ನ ಇಷ್ಟ" ಎನ್ನುತ್ತಾರೆ. ಹಿರಿಯರಾದ ನಾವು "ಎಲ್ಲವೂ ಹರಿಪ್ರೇರಣೆ" ಎಂದು ನಕ್ಕು ಸುಮ್ಮನಾಗುತ್ತೇವೆ. ಇವೆರಡರಲ್ಲಿ ನಮ್ಮ ಉತ್ತರವೇ ಹೆಚ್ಚು ಅಪಾಯಕಾರಿಯೆಂದು ತೋರುತ್ತದೆ. ಅದು ಸಿದ್ಧಾಂತದ ವೇಷ ಧರಿಸಿ ಬರುತ್ತದೆ.

ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಈ ವಿಚಾರ ಬಂದಿದೆ. ಜೀವನು ಕರ್ತೃವೇ ಹೌದು. ಇಲ್ಲವಾದರೆ ವಿಧಿನಿಷೇಧಗಳನ್ನು ಹೇಳುವ ಶಾಸ್ತ್ರವೇ ವ್ಯರ್ಥವಾದೀತು. ಆದರೆ ಆ ಕರ್ತೃತ್ವ ಪರಾಧೀನ. ಭಗವಂತನಾದರೋ ಜೀವನ ಪ್ರಯತ್ನವನ್ನು ಅಪೇಕ್ಷಿಸಿಯೇ ಪ್ರೇರಿಸುತ್ತಾನೆಂಬುದು ಶ್ರೀಮದಾಚಾರ್ಯರ ನಿರ್ಣಯ. ಪ್ರಯತ್ನವನ್ನೇ ಬಿಟ್ಟು ಪ್ರೇರಣೆಯ ಹೆಸರು ಹೇಳಲು ಇಲ್ಲಿ ಆಸ್ಪದವಿಲ್ಲ.

ಹಾಗಾದರೆ "ನನ್ನ ಇಷ್ಟ"ವೆಂಬುದು? 2006ರಲ್ಲಿ ಏಜಾ ರಾಸ್ಕಿನ್ ಎಂಬ ಅಮೆರಿಕದ ತಂತ್ರಜ್ಞರು ಕೊನೆಯೇ ಇಲ್ಲದೆ ಜಾರುತ್ತಿರುವ ಪುಟವನ್ನು ರೂಪಿಸಿದರು. ಮುಂದೆ ಅದಕ್ಕಾಗಿ ಅವರೇ ವಿಷಾದಿಸಿದರು. 2017ರಲ್ಲಿ ನೆಟ್‌ಫ್ಲಿಕ್ಸ್ ಮುಖ್ಯಸ್ಥರು ತಮ್ಮ ಸ್ಪರ್ಧೆ ನಿದ್ರೆಯೊಡನೆ ಎಂದೇ ಹೇಳಿದರು. ಪಾರಾಯಣಕ್ಕೊಂದು ಮಂಗಳವಿದೆ; ಇಲ್ಲಿ ಪುಸ್ತಕ ಮುಚ್ಚುವ ಸ್ಥಳವೇ ಇಲ್ಲ. ಹರಿಗೆ ಅಧೀನನೆಂದು ಒಪ್ಪಲು ಹಿಂಜರಿಯುವ ಮನಸ್ಸು ಕಾಣದ ವ್ಯಾಪಾರಿಗೆ ಎಷ್ಟು ಸುಲಭವಾಗಿ ಅಧೀನವಾಗುತ್ತದೆ!

ಆದರೂ ಬೈಯುವುದು ಸುಲಭ. ಮುಂಬಯಿಯಲ್ಲಿ ವಿರಾರ್ ಲೋಕಲ್ಲಿನಲ್ಲಿ ನಿಂತೇ ಬಂದು ಒಂಬತ್ತೂವರೆಗೆ ಊಟಕ್ಕೆ ಕೂರುವವನಿಗೆ ತನ್ನದೆನ್ನುವ ಹೊತ್ತು ನಿದ್ರೆಯಿಂದ ಕದ್ದದ್ದೊಂದೇ. ಊರಿನಲ್ಲಿರುವ ತಾಯಿಯ ಮುಖ ಕಾಣುವುದೂ ಅದೇ ಮೊಬೈಲಿನಲ್ಲಿ. ಪ್ರವಚನ ಕೇಳಲೆಂದು ತೆರೆದ ನಾವೇ ಅರ್ಧ ಗಂಟೆಯ ಬಳಿಕ ಯಾರದೋ ಮದುವೆಯ ಅಡುಗೆಯನ್ನು ನೋಡುತ್ತಿದ್ದುದುಂಟು.

ಆದರೆ ಕದ್ದದ್ದು ಯಾರಿಂದ? ಜಾಗ್ರತ್, ಸ್ವಪ್ನ, ಸುಷುಪ್ತಿಗಳನ್ನು ನಡೆಸುವವನು ವಿಶ್ವ, ತೈಜಸ, ಪ್ರಾಜ್ಞ ರೂಪಗಳ ಶ್ರೀಹರಿ. ಗಾಢನಿದ್ರೆಯಲ್ಲಿ ಜೀವನು ಆ ಪ್ರಾಜ್ಞನನ್ನೇ ಸೇರಿ ವಿಶ್ರಮಿಸುತ್ತಾನೆ. ಏಕಾದಶಿಯ ಜಾಗರಣೆಯಲ್ಲಿ ನಿದ್ರೆಯನ್ನು ಅವನಿಗಾಗಿ ಬಿಡುತ್ತೇವೆ. ಮೊಬೈಲಿನ ಜಾಗರಣೆಯಲ್ಲಿ ಅವನು ಕೊಟ್ಟದ್ದನ್ನು ಬೇಡವೆನ್ನುತ್ತೇವೆ.

ಸೂರ್ಯೋದಯಕ್ಕೆ 96 ನಿಮಿಷ ಮೊದಲು ಬ್ರಾಹ್ಮೀ ಮುಹೂರ್ತದ ಆರಂಭ. ಜನವರಿಯ ಮುಂಬಯಿಯಲ್ಲಿ ಸೂರ್ಯೋದಯ ಏಳೂಕಾಲರ ಹತ್ತಿರ; ಆದ್ದರಿಂದ 5.40ಕ್ಕೆ ಎದ್ದರೂ ತಡವಲ್ಲ. ಹತ್ತೂವರೆಗೆ ಮಲಗಿದವನಿಗೆ ಇದು ದೊಡ್ಡ ಸಂಗತಿಯಲ್ಲ. ನಮ್ಮ ಪರಿಚಯದ ಒಂದು ಮನೆಯಲ್ಲಿ ಆ ಹೊತ್ತಿಗೆ ಎಲ್ಲರ ಮೊಬೈಲುಗಳೂ ಅಡುಗೆಮನೆಯ ಕಪಾಟು ಸೇರುತ್ತವೆ. ಮೊದಲ ಒಂದು ತಿಂಗಳು ಅಲ್ಲಿ ಇದ್ದದ್ದು ತಂದೆಯದೊಂದೇ; ಮಗನಿಗೆ ಏನೂ ಹೇಳಲಿಲ್ಲವಂತೆ.