ಗುದ್ದಲಿ ಬೀಳುವ ಮುನ್ನ

ಮನೆಗೆ ಸುಣ್ಣ ಬಳಿಯಲು ಯಾರ ಅಪ್ಪಣೆಯೂ ಬೇಡ; ಮನೆ ಕಟ್ಟಲು ಬೇಕು. ಇವೆರಡರ ನಡುವಿನ ಗೆರೆ ಎಲ್ಲಿ ಬೀಳುತ್ತದೆ ಎಂಬುದನ್ನು ಕಾನೂನು ವಿವರವಾಗಿಯೇ ಹೇಳಿದೆ. ಕರ್ನಾಟಕದ ಹಳ್ಳಿಗಳಲ್ಲಿ 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಪಟ್ಟಣಗಳಲ್ಲಿ ಪುರಸಭೆಯದು, ನಗರಸಭೆಯದು ಅಥವಾ ಪಾಲಿಕೆಯದು. ಜಾಗ ಹೊಲವಾಗಿದ್ದರೆ ಅದಕ್ಕೂ ಮೊದಲು 1964ರ ಭೂಕಂದಾಯ ಅಧಿನಿಯಮದ 95ನೇ ಕಲಮಿನಂತೆ ಭೂಪರಿವರ್ತನೆ ಆಗಿರಬೇಕು. ಇರುವ ಮನೆಯ ಮೇಲೆ ಇನ್ನೊಂದು ಅಂತಸ್ತು ಏರಿಸುವುದು, ಹಿತ್ತಲ ಕಡೆಗೆ ಕೋಣೆ ಚಾಚುವುದು, ಭಾರ ಹೊತ್ತ ಗೋಡೆಯನ್ನೋ ಕಂಬವನ್ನೋ ತೆಗೆಯುವುದು, ವಾಸದ ಮನೆಯನ್ನು ಅಂಗಡಿ ಮಾಡುವುದು, ಇವೆಲ್ಲ ಹೊಸ ಕಟ್ಟಡದಂತೆಯೇ ಅನುಮತಿ ಬೇಡುವ ಕೆಲಸಗಳು. ಬಣ್ಣ, ಗಾರೆ, ನೆಲಹಾಸಿನ ಬದಲಾವಣೆ, ಹೆಂಚು ಬದಲಿಸುವುದು, ಕೈತೋಟ, ತನ್ನ ಜಾಗದೊಳಗೇ ನಿಲ್ಲುವ ಸಜ್ಜಾ, ಇಂಥವಕ್ಕೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ವಿನಾಯಿತಿ ಕೊಡುತ್ತದೆ. ಕಟ್ಟಡದ ಭದ್ರತೆ, ಬೆಂಕಿ ಮತ್ತು ಆರೋಗ್ಯದ ನಿಯಮಗಳಿಗೆ ಧಕ್ಕೆ ಆಗಬಾರದು ಎಂಬುದೊಂದೇ ಷರತ್ತು.

ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅಳತೆಗೋಲು ಯಾವುದೆಂದು ತಿಳಿಯುತ್ತದೆ. ಎಷ್ಟು ಖರ್ಚಾಯಿತೆಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಲಕ್ಷಾಂತರ ರೂಪಾಯಿ ಸುರಿದು ಮನೆಯ ನೆಲಕ್ಕೆಲ್ಲ ಗ್ರಾನೈಟ್ ಹಾಸಿದರೂ ಕೇಳುವವರಿಲ್ಲ; ತಾರಸಿಯ ಮೇಲೆ ಹತ್ತಡಿಯ ಒಂದು ಕೋಣೆ ಎದ್ದರೆ ಅನುಮತಿ ಬೇಕು. ಕೆಲಸದ ಪರಿಣಾಮ ಮನೆಯೊಳಗೇ ಮುಗಿಯುತ್ತದೆಯೇ, ಇಲ್ಲ ಗಾಳಿ, ಬೆಳಕು, ನೀರು, ಭಾರ, ಬೆಂಕಿಯ ಭಯಗಳ ಮೂಲಕ ಹೊರಗಿನವರನ್ನೂ ತಟ್ಟುತ್ತದೆಯೇ ಎಂಬುದೇ ಪ್ರಶ್ನೆ.

ಆದರೂ ಪರವಾನಗಿಗಾಗಿ ಕಚೇರಿಯ ಮೆಟ್ಟಿಲು ಹತ್ತಿ ಇಳಿದು ಸುಸ್ತಾದವರ ಬಾಯಲ್ಲಿ ಒಂದು ಮಾತು ಬಂದೇ ಬರುತ್ತದೆ: ಜಾಗ ನನ್ನದು, ದುಡ್ಡು ನನ್ನದು, ಇನ್ನೊಬ್ಬರನ್ನು ಯಾಕೆ ಕೇಳಬೇಕು? ಇದನ್ನು ಬರಿಯ ಬೇಸರದ ಮಾತೆಂದು ತಳ್ಳಿಹಾಕುವಂತಿಲ್ಲ. ನೆಲ ಒಬ್ಬನದಾಗುವುದು ಎಂದರೇನು, ಅಪ್ಪಣೆ ಕೊಡುವವನಿಗೆ ಆ ಅಧಿಕಾರ ಬಂದದ್ದು ಎಲ್ಲಿಂದ ಎಂಬ ಎರಡು ದೊಡ್ಡ ಪ್ರಶ್ನೆಗಳು ಅದರೊಳಗಿವೆ. ಭಾರತದ ಶಾಸ್ತ್ರಕಾರರು ಇವೆರಡನ್ನೂ ಎದುರಿಸಿದ್ದಾರೆ.

ಜೈಮಿನಿಯ ಮೀಮಾಂಸಾ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಈ ಚರ್ಚೆ ಯಜ್ಞದ ನೆಪದಲ್ಲಿ ಬರುತ್ತದೆ. ವಿಶ್ವಜಿತ್ ಯಾಗ ಮಾಡುವವನು ತನ್ನ ಸರ್ವಸ್ವವನ್ನೂ ದಾನ ಕೊಡಬೇಕು. ಯಾಗ ಮಾಡುವವನು ರಾಜನಾದರೆ ಭೂಮಿಯನ್ನೂ ಕೊಡಬೇಕೇ? ಕೂಡದು ಎಂಬುದು ಸಿದ್ಧಾಂತ. ಭೂಮಿ ಎಲ್ಲರಿಗೂ ಸಮಾನವಾಗಿ ಸೇರಿದ್ದು. ಒಬ್ಬ ತನ್ನದೆಂದು ಎತ್ತಿ ಕೊಡಲು ಬರುವುದಿಲ್ಲ. ರಾಜನಿಗಿರುವುದು ಕಾಯುವ ಹೊಣೆ, ಒಡೆತನವಲ್ಲ. 14ನೆಯ ಶತಮಾನದಲ್ಲಿ ವಿಜಯನಗರದ ಮಾಧವಾಚಾರ್ಯರು ಜೈಮಿನೀಯ ನ್ಯಾಯಮಾಲೆಯ ವಿಸ್ತರದಲ್ಲಿ ಇದನ್ನೇ ಇನ್ನೂ ಹಿಗ್ಗಿಸಿ, ತಮ್ಮ ತಮ್ಮ ಕರ್ಮದ ಫಲವನ್ನು ಉಣ್ಣಲು ಬಂದ ಸಕಲ ಪ್ರಾಣಿಗಳಿಗೂ ಭೂಮಿ ಸಾಧಾರಣ ಧನ ಎಂದು ನಿರ್ಣಯಿಸಿದರು. ಐತರೇಯ ಮತ್ತು ಶತಪಥ ಬ್ರಾಹ್ಮಣಗಳಲ್ಲಿ ಇದಕ್ಕೂ ಹಳೆಯದೊಂದು ಕಥೆಯಿದೆ. ವಿಶ್ವಕರ್ಮ ಭೌವನನೆಂಬ ರಾಜ ಭೂಮಿಯನ್ನು ಕಶ್ಯಪನಿಗೆ ಕೊಡಹೊರಟಾಗ ಭೂಮಿಯೇ ಮಾತಾಡಿತಂತೆ: ಸಾಯುವ ಮನುಷ್ಯ ಯಾರೂ ತನ್ನನ್ನು ದಾನ ಕೊಡಲಾರ, ಕೊಟ್ಟರೆ ತಾನು ನೀರಲ್ಲಿ ಮುಳುಗುವುದಾಗಿ ಅದು ಎಚ್ಚರಿಸಿತು.

ಹೀಗಿದ್ದ ಮೇಲೆ ಅಪ್ಪಣೆ ಕೊಡುವ ಸರಕಾರವೂ ನೆಲದ ಒಡೆಯನೆಂಬ ನೆಲೆಯಲ್ಲಿ ಅದನ್ನು ಕೊಡುತ್ತಿಲ್ಲ, ಬೇಡುವವನೂ ಪರರ ಆಸ್ತಿಯನ್ನು ಬೇಡುತ್ತಿಲ್ಲ. ಹಾಗಾದರೆ ಅಪ್ಪಣೆಯ ಸ್ವರೂಪ ಏನು? ಇದಕ್ಕೆ ಬಲು ಸ್ಪಷ್ಟವಾದ ಉತ್ತರ ಕೊಟ್ಟವರು ಕಲ್ಯಾಣದ ವಿಜ್ಞಾನೇಶ್ವರರು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿದ್ದು ಮಿತಾಕ್ಷರಾ ಬರೆದ ಅವರು, ನೆಲ ಕೈ ಬದಲಾಗುವಾಗ ಊರಿನವರ, ಜ್ಞಾತಿಗಳ, ನೆರೆಯವರ ಮತ್ತು ದಾಯಾದಿಗಳ ಸಮ್ಮತಿ ಬೇಕು ಎಂಬ ಹಳೆಯ ವಚನವನ್ನು ಎತ್ತಿಕೊಂಡು ಕೇಳುತ್ತಾರೆ: ಊರಿನವರ ಸಮ್ಮತಿ ಯಾತಕ್ಕೆ? ಅದಿಲ್ಲದಿದ್ದರೆ ವ್ಯವಹಾರ ಸಿದ್ಧಿಸುವುದಿಲ್ಲ ಎಂದಲ್ಲ, ಅದು ಎಲ್ಲರಿಗೂ ಪ್ರಕಟವಾಗಲಿ ಎಂದು. ನೆರೆಯವನ ಸಮ್ಮತಿ, ಎಲ್ಲೆಕಟ್ಟಿನ ತಕರಾರು ಹುಟ್ಟದಿರಲಿ ಎಂದು. ಅಂದರೆ ಸಮ್ಮತಿ ಒಡೆತನವನ್ನು ಹುಟ್ಟಿಸುವುದೂ ಇಲ್ಲ, ಕಸಿಯುವುದೂ ಇಲ್ಲ. ಗುಟ್ಟಿನಲ್ಲಿ ನಡೆಯಬಹುದಾದದ್ದನ್ನು ನಾಲ್ಕು ಜನರ ಕಣ್ಣೆದುರಿಗೆ ತರುತ್ತದೆ. ಇಂದಿನ ನಕ್ಷೆ ಮಂಜೂರಾತಿಯೂ ಇಂಥದೇ. ಮಂಜೂರಾದ ನಕ್ಷೆ ಜಾಗದ ಹಕ್ಕುಪತ್ರವಾಗುವುದಿಲ್ಲ. ಇಲ್ಲಿ ಇಷ್ಟೆತ್ತರ, ಇಷ್ಟಗಲ ಕಟ್ಟುತ್ತೇನೆ ಎಂದು ಊರಿಗೆ ಕೊಟ್ಟ ಮಾತು ಅದು.

ಕಟ್ಟುವ ಮೊದಲು ಅನುಮತಿ ಎಂಬ ಕಲ್ಪನೆ ಅತ್ಯಂತ ಪೂರ್ಣವಾಗಿ ಸಿಗುವುದು ಬೌದ್ಧರ ವಿನಯಪಿಟಕದಲ್ಲಿ. ಸಂಘಾದಿಶೇಷವೆಂಬ ಗಂಭೀರ ಅಪರಾಧಗಳಲ್ಲಿ ಆರನೆಯದು ಕುಟೀರ ಕಟ್ಟುವುದಕ್ಕೆ ಸಂಬಂಧಿಸಿದ್ದು. ಇದರ ಹಿನ್ನೆಲೆ ಆಳವಿ ಎಂಬ ಊರಿನದು. ಅಲ್ಲಿನ ಭಿಕ್ಷುಗಳು ತಮಗಾಗಿ ಅಳತೆಯಿಲ್ಲದೆ ಕುಟೀರ ಕಟ್ಟಿಕೊಳ್ಳುತ್ತ ಎತ್ತು ಕೊಡಿ, ಗಾಡಿ ಕೊಡಿ, ಕೊಡಲಿ ಕೊಡಿ, ಆಳು ಕೊಡಿ ಎಂದು ಊರವರನ್ನು ಕಾಡಿದರು. ಕೊನೆಗೆ ಜನ ಭಿಕ್ಷುಗಳನ್ನು ಕಂಡರೆ ದಾರಿ ಬದಲಿಸತೊಡಗಿದರು. ದೂರದಲ್ಲಿ ಹಸು ಕಂಡರೂ ಭಿಕ್ಷುವೆಂದು ಹೆದರಿ ಓಡಿದರು. ಆಗ ಬುದ್ಧ ನಿಯಮ ಮಾಡಿದ. ದಾನಿಯಿಲ್ಲದೆ ತನಗಾಗಿ ಕಟ್ಟಿಕೊಳ್ಳುವ ಕುಟೀರ ಹೊರ ಅಳತೆಯಲ್ಲಿ 12 ಗೇಣು ಉದ್ದ, ಒಳ ಅಳತೆಯಲ್ಲಿ 7 ಗೇಣು ಅಗಲ ಮೀರಬಾರದು. ಆ ಗೇಣು ಬುದ್ಧನ ಕೈಯ ಗೇಣು. ಕಟ್ಟುವ ಮೊದಲು ಭಿಕ್ಷು ಜಾಗವನ್ನು ಹಸನು ಮಾಡಿ, ಸಂಘದ ಮುಂದೆ ಕೈಮುಗಿದು ಕೂತು ಮೂರು ಸಲ ಬಿನ್ನವಿಸಬೇಕು. ಸಂಘ ತಾನೇ ಹೋಗಿ ಅಥವಾ ಬಲ್ಲವರನ್ನು ಕಳಿಸಿ ಜಾಗ ನೋಡಬೇಕು.

ಅವರು ನೋಡಬೇಕಾದದ್ದು ಎರಡನ್ನು. ಒಂದು, ಆ ಜಾಗದಲ್ಲಿ ಹಿಂಸೆ ಇದೆಯೇ: ಇರುವೆ, ಗೆದ್ದಲು, ಇಲಿ, ಹಾವು, ಚೇಳುಗಳ ನೆಲೆ ಅದಾಗಿರಬಾರದು, ಬೆಳೆಯುವ ಹೊಲ, ಸ್ಮಶಾನ, ಸೆರೆಮನೆ, ನಾಲ್ಕು ದಾರಿ ಕೂಡುವ ಜಾಗಗಳಿಗೆ ತಾಗಿಕೊಂಡಿರಬಾರದು. ಇನ್ನೊಂದು, ಸುತ್ತ ಬಯಲಿದೆಯೇ: ಎತ್ತು ಕಟ್ಟಿದ ಗಾಡಿ ಕುಟೀರದ ಸುತ್ತ ಹಾಯಬೇಕು, ಏಣಿ ಇಟ್ಟು ಎಲ್ಲ ಕಡೆ ತಿರುಗಲು ಆಗಬೇಕು. ಇಂದು ಕಟ್ಟಡದ ಸುತ್ತ ಬಿಡಬೇಕೆನ್ನುವ ಸೆಟ್‌ಬ್ಯಾಕ್ ಇದೇ. ಗಾಡಿಯ ಜಾಗದಲ್ಲಿ ಅಗ್ನಿಶಾಮಕ ವಾಹನ ಬಂದಿದೆ, ಅಷ್ಟೆ. ಗುಹೆಗೆ ಮತ್ತು ಹುಲ್ಲಿನ ಗುಡಿಸಲಿಗೆ ಈ ನಿಯಮ ಅನ್ವಯಿಸುವುದಿಲ್ಲ ಎಂದೂ ವಿನಯ ಹೇಳುತ್ತದೆ. ಮಣ್ಣನ್ನು, ಜೀವಿಗಳನ್ನು, ಊರನ್ನು ಹೆಚ್ಚು ಕಾಡದೆ ನಿಲ್ಲುವ ಆಸರೆಗೆ ಅಪ್ಪಣೆಯ ಕಟ್ಟುಪಾಡು ಬೇಕಿಲ್ಲ ಎಂಬ ವಿವೇಕ ಅದರಲ್ಲಿದೆ.

ಕೆಡವುವ ಆದೇಶವೂ ಅದೇ ಗ್ರಂಥದಲ್ಲಿದೆ. ಕುಂಬಾರನ ಮಗ ಧನಿಯ ಭಿಕ್ಷುವಾದವನು, ರಾಜಗೃಹದ ಬಳಿ ಹುಲ್ಲಿನ ಗುಡಿಸಲನ್ನು ಜನ ಮೂರು ಸಲ ಕಿತ್ತೊಯ್ದಾಗ ಬೇಸತ್ತು, ತನ್ನ ಕಸುಬು ನೆನೆದು ಇಡೀ ಕುಟೀರವನ್ನು ಜೇಡಿಮಣ್ಣಿನಲ್ಲಿ ಮಾಡಿ ಸುಟ್ಟ. ಅದು ಕೆಂಪಗೆ ಹೊಳೆಯುತ್ತಿತ್ತು, ತಟ್ಟಿದರೆ ಗೆಜ್ಜೆಯ ಸದ್ದು ಬರುತ್ತಿತ್ತು. ಗೃಧ್ರಕೂಟ ಬೆಟ್ಟದಿಂದ ಇಳಿದು ಬಂದ ಬುದ್ಧ ಅದನ್ನು ಕಂಡು ಒಡೆಸಿದ. ಮಣ್ಣಿನೊಳಗಿನ ಜೀವಗಳು ಬೆಂದವೆಂಬುದು, ಮುಂದಿನವರು ಇದನ್ನೇ ಅನುಸರಿಸಿಯಾರೆಂಬುದು ಕಾರಣ. ಧನಿಯ ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ಮನೆಗೆ ದೊರೆ ಬಿಂಬಿಸಾರನ ಉಗ್ರಾಣದ ಮರ ತಂದ. ಪಟ್ಟಾಭಿಷೇಕದ ದಿನ ಶ್ರಮಣರಿಗೆ ಹುಲ್ಲು, ಕಟ್ಟಿಗೆ, ನೀರು ಕೊಟ್ಟಿರುವುದಾಗಿ ದೊರೆ ಸಾರಿದ್ದೇ ತನಗೆ ಅನುಮತಿ ಎಂದು ವಾದಿಸಿದ. ಆ ಮಾತು ಕಾಡಿನಲ್ಲಿ ಯಾರ ವಶದಲ್ಲೂ ಇಲ್ಲದ ವಸ್ತುವಿಗೆ ಸಂಬಂಧಿಸಿದ್ದು ಎಂದು ದೊರೆ ತಿಳಿಹೇಳಿ, ಭಿಕ್ಷುವೆಂಬ ಕಾರಣಕ್ಕೆ ಬಿಟ್ಟುಬಿಟ್ಟ. ಸಾಮಾನ್ಯವಾಗಿ ಹೇಳಿದ ಮಾತನ್ನು ತನಗೆ ಸಿಕ್ಕ ಪರವಾನಗಿಯಂತೆ ಓದಿಕೊಳ್ಳುವ ಚಾಳಿ ಅಷ್ಟು ಹಳೆಯದು.

ಮನುಷ್ಯರಲ್ಲದ ನಿವಾಸಿಗಳ ಪ್ರಶ್ನೆಯನ್ನೂ ವಿನಯ ಬಿಟ್ಟಿಲ್ಲ. ಆಳವಿಯಲ್ಲೇ ಒಬ್ಬ ಭಿಕ್ಷು ಮನೆಗಾಗಿ ಮರ ಕಡಿಯುವಾಗ, ಅವನ ಮನೆಗಾಗಿ ತನ್ನ ಮನೆ ಕಡಿಯಬಾರದೆಂದು ವೃಕ್ಷದೇವತೆ ಬೇಡಿಕೊಂಡಿತು. ಅವನು ಕೇಳಲಿಲ್ಲ, ಕೊಡಲಿ ದೇವತೆಯ ಮಗುವಿನ ತೋಳಿಗೆ ತಾಗಿತು. ದೂರು ಬುದ್ಧನಿಗೆ ಹೋಯಿತು. ಅವನು ದೇವತೆಗೆ ಬೇರೊಂದು ಮರ ತೋರಿಸಿಕೊಟ್ಟ, ಭಿಕ್ಷುಗಳಿಗೆ ಗಿಡಮರ ಕಡಿಯುವುದನ್ನು ನಿಷೇಧಿಸಿದ. ವರಾಹಮಿಹಿರನ ಬೃಹತ್ಸಂಹಿತೆಯಲ್ಲೂ ಮರ ಕಡಿಯುವ ಹಿಂದಿನ ರಾತ್ರಿ ಅದನ್ನು ಪೂಜಿಸಿ, ಅದರಲ್ಲಿರುವ ಭೂತಗಳು ಬಲಿ ಸ್ವೀಕರಿಸಿ ಬೇರೆ ನೆಲೆಗೆ ಹೋಗಲಿ ಎಂದು ಪ್ರಾರ್ಥಿಸುವ ವಿಧಿ ಇದೆ. ಕರ್ನಾಟಕದಲ್ಲಿ ಈಗ 1976ರ ಮರಗಳ ಸಂರಕ್ಷಣಾ ಅಧಿನಿಯಮದಂತೆ ವೃಕ್ಷಾಧಿಕಾರಿಯನ್ನು ಕೇಳಬೇಕು.

ನಮ್ಮ ಮನೆಗಳಲ್ಲಿ ಇಂದಿಗೂ ನಡೆಯುವ ಗುದ್ದಲಿಪೂಜೆ, ವಾಸ್ತುಪೂಜೆಗಳನ್ನು ಈ ಬೆಳಕಿನಲ್ಲಿ ನೋಡಬೇಕು. ಮತ್ಸ್ಯಪುರಾಣದ ಪ್ರಕಾರ, ಅಂಧಕಾಸುರನೊಡನೆ ಕಾದಾಡುವಾಗ ನೆಲಕ್ಕೆ ಬಿದ್ದ ಶಿವನ ಬೆವರಿನಿಂದ ಹುಟ್ಟಿದ ಭೂತವನ್ನು ದೇವತೆಗಳು ಅದುಮಿ ಹಿಡಿದು ಅದರ ಮೈಮೇಲೆ ನೆಲೆಸಿದರು. ಮನೆ ಕಟ್ಟುವವರ ಪೂಜೆ ಅದಕ್ಕೆ ಸಲ್ಲಬೇಕೆಂದಾಯಿತು. 81 ಪದಗಳ, ಅಂದರೆ ಚೌಕಗಳ, ವಾಸ್ತುಮಂಡಲದಲ್ಲಿ 45 ದೇವತೆಗಳಿದ್ದಾರೆ, ನಡುವಿನ 9 ಪದ ಬ್ರಹ್ಮನದು. ಖಾಲಿ ಸೈಟೆಂದು ಕೊಂಡ ಜಾಗ ಖಾಲಿಯಲ್ಲ, ಅಲ್ಲಿ ಮೂಲೆಮೂಲೆಗೂ ನಿವಾಸಿಗಳಿದ್ದಾರೆ ಎಂಬುದೇ ಆ ಮಂಡಲದ ಅರ್ಥ. ಋಗ್ವೇದದ ಏಳನೆಯ ಮಂಡಲದಲ್ಲಿ ಮನೆಯ ಒಡೆಯನಾದ ದೇವತೆ ವಾಸ್ತೋಷ್ಪತಿಗೆ ಸಲ್ಲುವ ಮೂರು ಮಂತ್ರಗಳ ಸೂಕ್ತವೂ ಬಂದವರನ್ನು ಗುರುತಿಸಿ ಒಳಗೆ ಬಿಟ್ಟುಕೊಳ್ಳು ಎಂದೇ ಬೇಡುತ್ತದೆ. ಕರಾವಳಿಯಲ್ಲಿ ನಾಗಬನವನ್ನೂ ಕೊಡಗಿನಲ್ಲಿ ದೇವರಕಾಡನ್ನೂ ಬಿಟ್ಟು ಮನೆ ಕಟ್ಟುತ್ತಿದ್ದವರ ನಂಬಿಕೆಯೂ ಇದೇ ಜಾತಿಯದು. ಈಗಿನ ವಾಸ್ತುಸಲಹೆ ಇದನ್ನು ತಲೆಕೆಳಗು ಮಾಡಿದೆ. ನೆಲದ ಕ್ಷಮೆ ಕೇಳುವ ವಿಧಿ, ಅಡುಗೆಮನೆ ಯಾವ ಮೂಲೆಗಿಟ್ಟರೆ ಯಜಮಾನನಿಗೆ ಎಷ್ಟು ಲಾಭ ಎಂಬ ಲೆಕ್ಕವಾಗಿಬಿಟ್ಟಿದೆ.

ವಾಸ್ತು ಎಂಬ ಮಾತಿಗೆ ಕೌಟಿಲ್ಯ ಕೊಡುವ ಅರ್ಥ ಇನ್ನೂ ಹರವಾದದ್ದು: ಮನೆ, ಹೊಲ, ತೋಟ, ಕಟ್ಟೆ, ಕೆರೆ ಎಲ್ಲವೂ ವಾಸ್ತುವೇ. ಅವುಗಳ ವ್ಯಾಜ್ಯ ತೀರಬೇಕಾದದ್ದು ನೆರೆಯವರ ಸಾಕ್ಷ್ಯದ ಮೇಲೆ. ಎರಡು ಮನೆಗಳ ನಡುವಿನ ಅಂತರ, ಬಚ್ಚಲ ನೀರಿನ ಹಾದಿ, ಕಿಟಕಿಯ ಜಾಗ, ಎಲ್ಲಕ್ಕೂ ಅರ್ಥಶಾಸ್ತ್ರದಲ್ಲಿ ನಿಯಮಗಳಿವೆ. ಮನೆಯೊಡೆಯರು ಕೂಡಿ ಒಪ್ಪಿಕೊಂಡರೆ ತಮಗೆ ಬೇಕಾದಂತೆ ಕಟ್ಟಿಕೊಳ್ಳುವ ಅವಕಾಶವೂ ಇದೆ. ಬೇರೆ ಧರ್ಮಗಳೂ ನೆರೆಯವನನ್ನು ಮರೆತಿಲ್ಲ. ತಾರಸಿಗೆ ಕೈಪಿಡಿಗೋಡೆ ಕಟ್ಟದೆ ಯಾರಾದರೂ ಬಿದ್ದರೆ ಆ ರಕ್ತದ ದೋಷ ಮನೆಗೆ ತಟ್ಟುತ್ತದೆ ಎಂದು ಬೈಬಲಿನ ಧರ್ಮೋಪದೇಶಕಾಂಡ ಎಚ್ಚರಿಸುತ್ತದೆ. ಹಂಚಿಕೊಂಡ ಅಂಗಳದಲ್ಲಿ ಒಬ್ಬರ ಕಿಟಕಿಗೆ ಎದುರಾಗಿ ಇನ್ನೊಬ್ಬರು ಕಿಟಕಿ ತೆರೆಯಬಾರದು ಎನ್ನುತ್ತದೆ ಯಹೂದಿಗಳ ಮಿಶ್ನಾ. ನೋಟವೂ ಒಂದು ಬಗೆಯ ಹಾನಿ ಎಂಬ ಸೂಕ್ಷ್ಮ ವಿಚಾರ ಅಲ್ಲಿಂದ ಬೆಳೆಯಿತು. ತಾನು ಹಾನಿ ಮಾಡಬಾರದು, ಹಾನಿಗೆ ಹಾನಿ ತಿರುಗಿಸಲೂ ಬಾರದು ಎಂಬ ಹದೀಸಿನ ಮೇಲೆ ಇಸ್ಲಾಮಿನ ನ್ಯಾಯಶಾಸ್ತ್ರದ ನೆರೆಹೊರೆಯ ನಿಯಮಗಳು ನಿಂತಿವೆ. ನಮ್ಮ ಗೋಡೆಗೆ ನೆರೆಯವನು ತೊಲೆ ಊರಲು ಬಂದರೆ ತಡೆಯಬಾರದು ಎಂಬ ಉದಾರವಾದ ಮಾತೂ ಅದೇ ಪರಂಪರೆಯದು.

ಕೇಳದೆ ಕಟ್ಟಿಬಿಟ್ಟ ಮೇಲೆ ಏನು ಎಂಬುದು ಕೊನೆಯ ಪ್ರಶ್ನೆ. ಕರ್ನಾಟಕದಲ್ಲಿ ಇದಕ್ಕೆ ಅಕ್ರಮ–ಸಕ್ರಮ ಎಂಬ ಹೆಸರು ಬಂತು. ವಾಸದ ಮನೆಗಳಲ್ಲಿ ಶೇ. 50ರವರೆಗಿನ, ವಾಣಿಜ್ಯ ಕಟ್ಟಡಗಳಲ್ಲಿ ಶೇ. 25ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಯೋಜನೆ ಅದು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ದಂಡದಿಂದ ದೋಷ ಹೋಗುತ್ತದೆಯೇ? ಧರ್ಮಶಾಸ್ತ್ರದಲ್ಲಿ ಇದು ಪ್ರಾಯಶ್ಚಿತ್ತದ ಪ್ರಶ್ನೆ. ತಿಳಿಯದೆ ಮಾಡಿದ ಪಾಪ ಪ್ರಾಯಶ್ಚಿತ್ತದಿಂದ ಕಳೆಯುತ್ತದೆ, ಬೇಕೆಂದೇ ಮಾಡಿದ್ದಕ್ಕೆ ಪ್ರಾಯಶ್ಚಿತ್ತ ಮಾಡಿಕೊಂಡವನು ಜನರೊಡನೆ ವ್ಯವಹರಿಸಲು ಅರ್ಹನಾಗುತ್ತಾನೆ ಎಂದು ಯಾಜ್ಞವಲ್ಕ್ಯ ಸ್ಮೃತಿ ಎರಡನ್ನೂ ಬೇರೆಬೇರೆ ಇಡುತ್ತದೆ. ಸಕ್ರಮವೂ ಅಷ್ಟೇ ಮಾಡಬಲ್ಲದು. ಕಟ್ಟಡವನ್ನು ವ್ಯವಹಾರಕ್ಕೆ ಯೋಗ್ಯವಾಗಿಸಬಹುದು, ಖಾತೆಗೆ, ಸಾಲಕ್ಕೆ, ಮಾರಾಟಕ್ಕೆ ದಾರಿ ತೆರೆಯಬಹುದು. ಬಿಡಬೇಕಿದ್ದ ಜಾಗ ನುಂಗಿ ಎದ್ದ ಗೋಡೆ ನೆರೆಮನೆಯ ಅಡುಗೆಮನೆಗೆ ಬರುತ್ತಿದ್ದ ಬಿಸಿಲನ್ನು ತಡೆದಿದ್ದರೆ, ರಾಜಕಾಲುವೆಯ ಮೇಲೆ ನಿಂತ ಪಾಯ ಮಳೆನೀರನ್ನು ತಗ್ಗಿನ ಮನೆಗಳಿಗೆ ತಿರುಗಿಸಿದ್ದರೆ, ದಂಡದ ರಸೀದಿ ಹರಿದ ಮೇಲೂ ಆ ಅಡುಗೆಮನೆ ಕತ್ತಲಾಗಿಯೇ ಇರುತ್ತದೆ, ನೀರು ಆ ತಗ್ಗಿನ ಮನೆಗಳಿಗೇ ನುಗ್ಗುತ್ತದೆ.